ಸಾಕುಪ್ರಾಣಿಗಳ ತರಬೇತಿ ಮತ್ತು ವರ್ತನೆ ಕುರಿತು ವೃತ್ತಿಪತ್ರಿಕೆಗಳಿಗೆ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ, ಬೆಕ್ಕು, ಗಿಳಿ, ಮೊಲಗಳನ್ನು ಪಳಗಿಸುವುದರಲ್ಲಿ ನುರಿತವರು ಬರೆಯಲು ಕುಳಿತಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೆಲವು ವರ್ಷ ತರಬೇತಿ ನೀಡಿ, ಆಮೇಲೆ ಬಹುಕಾಲ ಇತರರ ಹಸ್ತಪ್ರತಿಗಳನ್ನು ತಿದ್ದಿದ ನನಗೆ ಅವು ಬಾಯಿಪಾಠವಾಗಿವೆ. ಇಲ್ಲಿರುವ ಉತ್ತರಗಳಲ್ಲಿ ಕೆಲವು ನಿಯಮಗಳು, ಕೆಲವು ನನ್ನ ಹಟಗಳು. ಯಾವುದು ಯಾವುದೆಂದು ಓದುವಾಗಲೇ ತಿಳಿಯುತ್ತದೆ.

ನನಗೆ ಪ್ರಾಣಿವರ್ತನೆಯಲ್ಲಿ ಪದವಿಯಿಲ್ಲ, ಇರುವುದು ಕೆಲಸದ ಅನುಭವ. ನನ್ನ ಬರಹವನ್ನು ಯಾರು ಪ್ರಕಟಿಸುತ್ತಾರೆ?

ಪ್ರಕಟಿಸುವವರಿದ್ದಾರೆ, ಅನುಭವವನ್ನು ಅನುಭವವೆಂದೇ ಬರೆದರೆ. ಕೆಲರ್ ಬ್ರೆಲೆಂಡ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ ಕಲಿಕೆಯ ನಿಯಮಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಬಳಿ ಕಲಿತವರು. ಪ್ರಯೋಗಾಲಯ ತೊರೆದು ಪ್ರಾಣಿಗಳ ತರಬೇತಿಯನ್ನೇ ಉದ್ಯೋಗ ಮಾಡಿಕೊಂಡರು. 38 ಜಾತಿಗಳ 6,000ಕ್ಕೂ ಹೆಚ್ಚು ಪ್ರಾಣಿಗಳನ್ನು ಪಳಗಿಸಿದ ಮೇಲೆ, 1961ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಅವರು ಬರೆದದ್ದು ಗೆಲುವಿನ ಕಥೆಯನ್ನಲ್ಲ, ಸೋಲಿನ ಕಥೆಯನ್ನು. ನಾಣ್ಯವನ್ನು ಡಬ್ಬಿಗೆ ಹಾಕಬೇಕಿದ್ದ ರಕೂನ್, ಎರಡು ನಾಣ್ಯ ಸಿಕ್ಕ ಕೂಡಲೇ ಅವನ್ನು ಒಂದಕ್ಕೊಂದು ಉಜ್ಜುತ್ತ, ಡಬ್ಬಿಯೊಳಗೆ ಅದ್ದಿ ಮತ್ತೆ ಹೊರತೆಗೆಯುತ್ತ ಕೂರುತ್ತಿತ್ತು. ಹಂದಿ ನಾಣ್ಯವನ್ನು ದಾರಿಯಲ್ಲೇ ಕೆಡವಿ ಮೂತಿಯಿಂದ ದೂಡಿಕೊಂಡು ಆಡುತ್ತಿತ್ತು. ಇದರಿಂದ ತಿನಿಸು ಸಿಗುವುದು ತಡವಾದರೂ ಅವು ಅಭ್ಯಾಸ ಬಿಡಲಿಲ್ಲ. ಆಹಾರ ಹುಡುಕುವ ಹುಟ್ಟುಗುಣ ಕಲಿತ ಪಾಠವನ್ನು ಹಿಂದಕ್ಕೆ ತಳ್ಳುತ್ತಿದೆ ಎಂದು ದಂಪತಿ ವಿವರಿಸಿದರು. ಕಲಿಕೆಯ ನಿಯಮಗಳು ಯಾವ ಪ್ರಾಣಿಗಾದರೂ ಹಾಗೆಯೇ ಹೊಂದುತ್ತವೆ ಎಂಬ ನಂಬಿಕೆ ಬಿರುಕುಬಿಟ್ಟದ್ದರಲ್ಲಿ ಈ ಬರಹದ ಪಾಲು ದೊಡ್ಡದು.

ನಿಮ್ಮ ಬಳಿಯೂ ಕೈಕೊಟ್ಟ ನಾಲ್ಕು ಪ್ರಕರಣಗಳು ಇದ್ದೇ ಇರುತ್ತವೆ. ಅಲ್ಲಿಂದ ಶುರುಮಾಡಿ. ಗೆದ್ದ ಪ್ರಕರಣಗಳನ್ನು ಎಲ್ಲರೂ ಕಳುಹಿಸುತ್ತಾರೆ.

ಯಾವ ಪತ್ರಿಕೆಗೆ ಕಳುಹಿಸಬೇಕು?

ಮೂರು ಬಗೆಯ ಪತ್ರಿಕೆಗಳಿವೆ. ಮೊದಲನೆಯದು ಸಂಶೋಧನಾ ಜರ್ನಲ್: ‘ಜರ್ನಲ್ ಆಫ್ ವೆಟರ್ನರಿ ಬಿಹೇವಿಯರ್’, ‘ಅಪ್ಲೈಡ್ ಅನಿಮಲ್ ಬಿಹೇವಿಯರ್ ಸೈನ್ಸ್’ ಮುಂತಾದವು. ಇಲ್ಲಿ ವಿಷಯತಜ್ಞರು ಹಸ್ತಪ್ರತಿಯನ್ನು ಓದಿ ಅಭಿಪ್ರಾಯ ಕೊಟ್ಟ ಮೇಲೆಯೇ ತೀರ್ಮಾನ. ಎರಡನೆಯದು ತರಬೇತುದಾರರ ಹಾಗೂ ವರ್ತನಾ ಸಲಹೆಗಾರರ ಸಂಘಗಳು ಹೊರತರುವ ಪತ್ರಿಕೆಗಳು. ಇವಕ್ಕೆ ಬೇಕಾದದ್ದು ನಾಳೆ ಬೆಳಗ್ಗೆ ಇನ್ನೊಬ್ಬ ತರಬೇತುದಾರರಿಗೆ ಉಪಯೋಗಕ್ಕೆ ಬರುವ ಬರಹ. ಮೂರನೆಯದು ಪ್ರಾಣಿ ಸಾಕುವವರು ಓದುವ ಜನಪ್ರಿಯ ಪತ್ರಿಕೆಗಳು.

ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನು. ಅಲ್ಲಿನ ಸಂಪಾದಕರಿಗೆ ನಿಮ್ಮ ಕೆಲಸ ಗೊತ್ತಿರುತ್ತದೆ, ತಿದ್ದಿಸುವ ತಾಳ್ಮೆಯೂ ಇರುತ್ತದೆ. ಯಾವುದೇ ಪತ್ರಿಕೆಯಾದರೂ ಕಳುಹಿಸುವ ಮೊದಲು ಅದರ ಕೊನೆಯ ನಾಲ್ಕು ಸಂಚಿಕೆಗಳನ್ನಾದರೂ ಓದಿ. ಹೋದ ಸಂಚಿಕೆಯಲ್ಲಿ ಬಂದ ವಿಷಯವನ್ನೇ ಮತ್ತೆ ಕಳುಹಿಸುವವರ ಸಂಖ್ಯೆ ನೀವು ಊಹಿಸಿದ್ದಕ್ಕಿಂತ ಹೆಚ್ಚು.

ಪೂರ್ತಿ ಲೇಖನ ಕಳುಹಿಸಬೇಕೇ, ಮೊದಲು ಪತ್ರ ಬರೆದು ಕೇಳಬೇಕೇ?

ಜರ್ನಲ್‌ಗಾದರೆ ಪೂರ್ತಿ ಹಸ್ತಪ್ರತಿ. ಉಳಿದ ಕಡೆ ಒಂದು ಪುಟ ಮೀರದ ಪತ್ರ ಸಾಕು: ವಿಷಯ ಏನು, ಅದರಲ್ಲಿ ಹೊಸದೇನು, ಅದನ್ನು ಬರೆಯಲು ನೀವೇ ಏಕೆ ತಕ್ಕವರು, ಎಷ್ಟು ಪದ, ಯಾವಾಗ ಮುಗಿಸುತ್ತೀರಿ. ‘ಬಾಲ್ಯದಿಂದಲೂ ನನಗೆ ಪ್ರಾಣಿಗಳೆಂದರೆ ಪ್ರಾಣ’ ಎಂದು ಪತ್ರ ಶುರುಮಾಡಬೇಡಿ. ಪ್ರಾಣಿಗಳ ಪತ್ರಿಕೆಗೆ ಬರೆಯುವ ಎಲ್ಲರಿಗೂ ಹಾಗೆಯೇ.

‘ನಾಯಿಗೆ ಹೊಟ್ಟೆಕಿಚ್ಚು’, ‘ಬೆಕ್ಕು ಸೇಡು ತೀರಿಸಿಕೊಂಡಿತು’ ಎಂದು ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಏಕೆ?

ಎಲ್ಲ ಪ್ರಶ್ನೆಗಳಿಗಿಂತ ಇದೇ ಮುಖ್ಯ, ಹಾಗಾಗಿ ಉತ್ತರವೂ ಉದ್ದ.

‘ಹೊಟ್ಟೆಕಿಚ್ಚು’ ಎಂಬುದು ನೀವು ನೋಡಿದ್ದಲ್ಲ, ನೋಡಿದ್ದಕ್ಕೆ ನೀವು ಇಟ್ಟ ಹೆಸರು. ನೀವು ನೋಡಿದ್ದು ಇಷ್ಟು: ಯಜಮಾನರು ಮಗುವನ್ನು ಎತ್ತಿಕೊಂಡರು, ನಾಯಿ ಎದ್ದು ಬಂದು ಇಬ್ಬರ ನಡುವೆ ಮೂತಿ ತೂರಿಸಿತು, ಯಜಮಾನರು ನಾಯಿಯ ತಲೆ ಸವರಿದರು, ಮರುದಿನ ನಾಯಿ ಇನ್ನೂ ಬೇಗ ಎದ್ದು ಬಂತು. ಹೀಗೆ ಬರೆದರೆ ಓದುವವರಿಗೆ ಮೂರು ಸಂಗತಿ ಕಾಣುತ್ತದೆ. ವರ್ತನೆಗೆ ಮುಂಚೆ ಏನಾಯಿತು, ವರ್ತನೆ ಯಾವುದು, ಅದರಿಂದ ನಾಯಿಗೆ ಏನು ದಕ್ಕಿತು. ತಲೆ ಸವರಿದ್ದೇ ಪಾಠ ಕಲಿಸಿರಬಹುದು ಎಂಬ ಸುಳಿವು ಅಲ್ಲೇ ಇದೆ. ‘ಹೊಟ್ಟೆಕಿಚ್ಚು’ ಎಂದು ಬರೆದಿದ್ದರೆ ಆ ಸುಳಿವು ಒಂದು ಪದದಡಿ ಮುಚ್ಚಿಹೋಗುತ್ತಿತ್ತು, ಮಾಡಲು ಯಾವ ಕೆಲಸವೂ ಉಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ತರಬೇತಿ ಕೊಡುವುದು ಹೇಗೆ? ಎದ್ದು ಬರುವ ಅಭ್ಯಾಸಕ್ಕಾದರೆ ಕೊಡಬಹುದು.

ಹೆಸರಿಡುವ ಚಾಳಿ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 14 ನಾಯಿಗಳು. ತಿನಿಸನ್ನು ಮುಟ್ಟಬೇಡ ಎಂದು ಹೇಳಿ ಯಜಮಾನರು ಕೋಣೆಯಿಂದ ಹೊರಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂದು ಅವರಿಗೆ ಹೇಳಲಾಗುತ್ತಿತ್ತು, ಕೆಲವೊಮ್ಮೆ ಸುಳ್ಳಾಗಿ. ನಾವು ‘ತಪ್ಪಿತಸ್ಥ ಮುಖ’ ಎನ್ನುವ ಆ ಕಿವಿ ಮಡಚುವಿಕೆ, ಕಣ್ಣು ತಪ್ಪಿಸುವಿಕೆ ನಾಯಿ ನಿಜಕ್ಕೂ ತಿಂದಿತ್ತೇ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನರು ಗದರಿದರೆ ಅದು ಹೆಚ್ಚುತ್ತಿತ್ತು. ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಎದ್ದು ಕಾಣುತ್ತಿತ್ತು. ನಾಯಿಗಳಿಗೆ ಪಾಪಪ್ರಜ್ಞೆಯೇ ಇಲ್ಲ ಎಂದು ಈ ಪ್ರಯೋಗ ಸಾಧಿಸಲಿಲ್ಲ, ಹಾಗೆ ಬರೆಯುವವರೂ ತಪ್ಪುತ್ತಾರೆ. ಆ ಮುಖವನ್ನು ತಪ್ಪೊಪ್ಪಿಗೆ ಎಂದು ಓದಲಾಗದು, ಅಷ್ಟೇ.

‘ಹಠಮಾರಿ’, ‘ಯಜಮಾನಿಕೆ ತೋರಿಸುತ್ತದೆ’, ‘ನನ್ನನ್ನು ಪರೀಕ್ಷಿಸುತ್ತಿದೆ’, ‘ಆಕ್ರಮಣಶೀಲ ನಾಯಿ’ ಇವೂ ಅದೇ ಜಾತಿಯವು. ಕೊನೆಯದರ ಬದಲು ‘ಎರಡು ಮೀಟರ್ ಒಳಗೆ ಅಪರಿಚಿತರು ಬಂದರೆ ಮೈ ಬಿಗಿ ಹಿಡಿದು ಗುರ್ರೆನ್ನುತ್ತದೆ’ ಎಂದು ಬರೆಯಿರಿ. ಉದ್ದವಾಯಿತು ನಿಜ, ಆದರೆ ಮೂರು ಮೀಟರ್ ಆಚೆ ನಾಯಿ ಸಮಾಧಾನವಾಗಿದೆ ಎಂಬ ಅರ್ಧ ಪರಿಹಾರ ಅದರೊಳಗೇ ಇದೆ. ‘ನಾಯಿ ಬಾಲ ಡೊಂಕು’ ಎಂಬ ಗಾದೆಯನ್ನು ಲೇಖನದಿಂದ ತೆಗೆದುಹಾಕಿದ್ದಕ್ಕೆ ಒಬ್ಬ ಲೇಖಕರು ನನ್ನೊಡನೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಬದಲಾಯಿಸಲಾಗದ ವರ್ತನೆಗೆ ನಾಯಿಯನ್ನೇ ಗಾದೆಯಾಗಿಸಿದವರ ಮಾತನ್ನು ತರಬೇತಿಯ ಪತ್ರಿಕೆಯಲ್ಲಿ ಹೇಗೆ ಅಚ್ಚುಹಾಕುವುದು?

ಪಾರಿಭಾಷಿಕ ಪದಗಳನ್ನು ಎಷ್ಟು ಬಳಸಬೇಕು?

ಅರ್ಥ ಗಟ್ಟಿಯಾಗಿ ಗೊತ್ತಿದ್ದಷ್ಟು. ಅತಿ ಹೆಚ್ಚು ಎಡವುವುದು ‘ಋಣಾತ್ಮಕ ಪುನರ್ಬಲನ’ದಲ್ಲಿ. ಬಹಳ ಜನ ಅದನ್ನು ಶಿಕ್ಷೆ ಎಂದುಕೊಂಡಿದ್ದಾರೆ. ಗಣಿತದ ಧನ ಚಿಹ್ನೆ, ಋಣ ಚಿಹ್ನೆ ನೆನಪಿಸಿಕೊಳ್ಳಿ: ಧನ ಎಂದರೆ ಏನನ್ನೋ ಕೂಡಿಸಿದೆವು, ಋಣ ಎಂದರೆ ಏನನ್ನೋ ಕಳೆದೆವು. ಒಳ್ಳೆಯದು, ಕೆಟ್ಟದ್ದು ಎಂಬ ಮಾತು ಅದರಲ್ಲಿಲ್ಲ. ಪುನರ್ಬಲನ ಎಂದರೆ ವರ್ತನೆ ಹೆಚ್ಚಿತು, ಶಿಕ್ಷೆ ಎಂದರೆ ವರ್ತನೆ ತಗ್ಗಿತು. ನಾಯಿ ಕುಳಿತ ಕೂಡಲೇ ಕತ್ತುಪಟ್ಟಿಯ ಬಿಗಿ ಸಡಿಲಿಸಿದಿರಿ, ಅದರಿಂದ ಕುಳಿತುಕೊಳ್ಳುವುದು ಹೆಚ್ಚಿತು ಎಂದರೆ ಅದು ಋಣಾತ್ಮಕ ಪುನರ್ಬಲನ. ಮರಿ ಕಚ್ಚಿದಾಗ ಆಟ ನಿಲ್ಲಿಸಿ ಎದ್ದು ಹೋದಿರಿ, ಅದರಿಂದ ಕಚ್ಚುವುದು ಕಡಿಮೆಯಾಯಿತು ಎಂದರೆ ಋಣಾತ್ಮಕ ಶಿಕ್ಷೆ.

ಇನ್ನೊಂದು ಸೂಕ್ಷ್ಮ. ಪುನರ್ಬಲನ ಆಗುವುದು ವರ್ತನೆಗೆ, ಪ್ರಾಣಿಗಲ್ಲ. ‘ನಾಯಿಗೆ ಪುನರ್ಬಲನ ಕೊಟ್ಟೆ’ ಎಂದರೆ ಸಾಮಾನ್ಯವಾಗಿ ‘ತಿನಿಸು ಕೊಟ್ಟೆ’ ಎಂದಷ್ಟೇ ಅರ್ಥ. ಹಾಗಿದ್ದರೆ ತಿನಿಸು ಕೊಟ್ಟೆ ಎಂದೇ ಬರೆಯಿರಿ. ಅದರಿಂದ ವರ್ತನೆ ಹೆಚ್ಚಿತೋ ಇಲ್ಲವೋ ಎಂಬುದು ಆಮೇಲೆ ತಿಳಿಯುವ ಸಂಗತಿ. ತಿನಿಸಿನತ್ತ ಮೂತಿ ತಿರುಗಿಸಿದ ನಾಯಿಯ ಬಗ್ಗೆಯೂ ‘ಧನಾತ್ಮಕ ಪುನರ್ಬಲನ ನೀಡಲಾಯಿತು’ ಎಂದು ಬರೆದ ಹಸ್ತಪ್ರತಿಯನ್ನು ಓದಿದ್ದೇನೆ.

ಒಂದು ಪ್ರಕರಣದ ವರದಿಯಲ್ಲಿ ಏನೇನು ಇರಬೇಕು?

ಪ್ರಾಣಿಯ ಜಾತಿ, ತಳಿ, ವಯಸ್ಸು, ಲಿಂಗ, ಸಂತಾನಹರಣ ಆಗಿದೆಯೇ ಎಂಬುದು, ಮನೆಯ ಪರಿಸರ, ಸಮಸ್ಯೆ ಯಾವಾಗಿನಿಂದ. ಇವನ್ನು ಯಾರೂ ಮರೆಯುವುದಿಲ್ಲ. ಪಶುವೈದ್ಯರ ತಪಾಸಣೆಯನ್ನು ಮರೆಯುತ್ತಾರೆ. ಮಲಮೂತ್ರದ ತಟ್ಟೆಯ ಹೊರಗೆ ಮೂತ್ರ ಮಾಡುವ ಬೆಕ್ಕಿಗೆ ಮೂತ್ರಕೋಶದ ತೊಂದರೆ ಇರಬಹುದು. ಮುಟ್ಟಿದರೆ ಗುರ್ರೆನ್ನುವ ಮುದಿ ನಾಯಿಗೆ ಕೀಲುನೋವು ಇರಬಹುದು. ನೋವು ಕಾರಣವಲ್ಲ ಎಂದು ಖಚಿತಪಡಿಸಿಕೊಳ್ಳದೆ ತರಬೇತಿಯ ಕಥೆ ಹೇಳಿದರೆ ವಿಮರ್ಶಕರು ಅಲ್ಲಿಗೇ ಓದು ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ.

ಆಮೇಲೆ ಅಳತೆ. ತರಬೇತಿಗೆ ಮುಂಚಿನ ಸ್ಥಿತಿಯನ್ನು ಅಳೆಯದಿದ್ದರೆ ‘ತುಂಬಾ ಸುಧಾರಿಸಿತು’ ಎಂಬುದಕ್ಕೆ ಬೆಲೆಯಿಲ್ಲ. ಅಳೆಯಲು ಯಂತ್ರ ಬೇಡ. ಹತ್ತು ನಿಮಿಷದಲ್ಲಿ ಎಷ್ಟು ಬಾರಿ ಬೊಗಳಿತು, ಒಮ್ಮೆ ಶುರುವಾದರೆ ಎಷ್ಟು ಹೊತ್ತು, ಕರೆದ ಮೇಲೆ ತಿರುಗಿ ನೋಡಲು ಎಷ್ಟು ಸೆಕೆಂಡು, ಇನ್ನೊಂದು ನಾಯಿ ಎಷ್ಟು ದೂರದಲ್ಲಿದ್ದಾಗ ಮೈ ಬಿಗಿಯಾಯಿತು. ಮೊಬೈಲ್‌ನ ವಿಡಿಯೊ ಮತ್ತು ಒಂದು ನೋಟ್‌ಬುಕ್ ಸಾಕು.

ನೀವು ಮಾಡಿದ್ದನ್ನು ಮತ್ತೊಬ್ಬರು ಓದಿ ಹಾಗೆಯೇ ಮಾಡುವಂತೆ ವಿವರಿಸಿ. ‘ಕ್ಲಿಕ್ಕರ್ (ಸರಿಯಾದ ವರ್ತನೆಯ ಕ್ಷಣವನ್ನು ‘ಕ್ಲಿಕ್’ ಸದ್ದಿನಿಂದ ಗುರುತಿಸುವ ಪುಟ್ಟ ಸಾಧನ) ಬಳಸಿದೆ’ ಎಂದರೆ ಸಾಲದು. ಯಾವ ವರ್ತನೆಗೆ ಕ್ಲಿಕ್ ಮಾಡಿದಿರಿ, ಕ್ಲಿಕ್ ಆದ ಮೇಲೆ ತಿನಿಸು ಎಷ್ಟು ಬೇಗ ಬಂತು, ಒಂದು ಪಾಠ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಪಾಠ, ಮಧ್ಯೆ ಮನೆಯವರು ಎಷ್ಟರಮಟ್ಟಿಗೆ ಅಭ್ಯಾಸ ಮಾಡಿಸಿದರು. ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಬೊಗಳುವುದು ತಗ್ಗುವ ಮೊದಲು ಒಮ್ಮೆಲೇ ಏರಿದರೆ, ಆ ಏರಿಕೆಯನ್ನೂ ದಾಖಲಿಸಿ. ಕಲಿಕೆಯ ಶಾಸ್ತ್ರ ಬಲ್ಲವರಿಗೆ ಅದು ನಿರೀಕ್ಷಿತವೇ. ಅದನ್ನು ಮುಚ್ಚಿಟ್ಟ ವರದಿಯೇ ಅವರಿಗೆ ಅನುಮಾನ ತರಿಸುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಬರೆದರೆ ಎಲ್ಲರಿಗೂ ಕಾಣುತ್ತದೆ.

ಮೂರು ತಿಂಗಳೋ ಆರು ತಿಂಗಳೋ ಬಿಟ್ಟು ಮತ್ತೆ ವಿಚಾರಿಸಿ. ಹಳೆಯ ವರ್ತನೆ ಮರಳಿದ್ದರೆ ಅದನ್ನೂ ಬರೆಯಿರಿ.

ಒಂದೇ ಪ್ರಾಣಿಯ ಅನುಭವದಿಂದ ಏನನ್ನು ಸಾಧಿಸಬಹುದು?

ಎಲ್ಲ ನಾಯಿಗಳ ಬಗ್ಗೆ ಏನನ್ನೂ ಇಲ್ಲ, ಆ ಒಂದು ನಾಯಿಯ ಬಗ್ಗೆ ಬಹಳಷ್ಟು. ತರಬೇತಿಯ ಕ್ರಮವನ್ನು ಆರಂಭಿಸಿ, ನಿಲ್ಲಿಸಿ, ಮತ್ತೆ ಆರಂಭಿಸಿದಾಗ ವರ್ತನೆಯೂ ಅದರ ಜೊತೆಜೊತೆಗೆ ಏರಿಳಿದರೆ, ಬದಲಾವಣೆಗೆ ಆ ಕ್ರಮವೇ ಕಾರಣ ಎನ್ನಲು ಆಧಾರ ಸಿಗುತ್ತದೆ. ನಿಲ್ಲಿಸುವುದು ಅಪಾಯಕಾರಿಯಾದ ಕಡೆ, ಉದಾಹರಣೆಗೆ ಕಚ್ಚುವ ನಾಯಿಯಲ್ಲಿ, ಹೀಗೆ ಮಾಡಬಾರದು. ಅಲ್ಲಿ ಒಂದೊಂದು ಸನ್ನಿವೇಶದಲ್ಲಿ ಒಂದೊಂದು ಸಮಯಕ್ಕೆ ಕ್ರಮವನ್ನು ಶುರುಮಾಡಿ ಹೋಲಿಸಬಹುದು.

ಆದರೆ ಎಲ್ಲಕ್ಕಿಂತ ಮೊದಲು, ಆ ಚಿತ್ರದಲ್ಲಿ ನೀವೂ ಇದ್ದಿರಿ ಎಂಬುದನ್ನು ಮರೆಯಬೇಡಿ. ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತದೆ ಎಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆ ಎದುರಿಗಿದ್ದವರ ತಲೆಯ ಅತಿ ಸಣ್ಣ ಚಲನೆ ನೋಡಿ ಗೊರಸು ತಟ್ಟುವುದನ್ನು ನಿಲ್ಲಿಸುತ್ತಿತ್ತು ಎಂದು ಆಸ್ಕರ್ ಫಂಗ್‌ಸ್ಟ್ 1907ರಲ್ಲಿ ತೋರಿಸಿದ್ದು ಬಹುಜನಕ್ಕೆ ಗೊತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಬೆಕ್ಕಿನ ಕಥೆ. 1946ರಲ್ಲಿ ಗಥ್ರಿ ಮತ್ತು ಹಾರ್ಟನ್ ಎಂಬ ಸಂಶೋಧಕರು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಒಳಗಿನ ಕೋಲನ್ನು ತಾಗಿದರೆ ಬಾಗಿಲು ತೆರೆಯುವಂತೆ ಮಾಡಿದ್ದರು. ಬೆಕ್ಕುಗಳು ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಕೋಲಿಗೆ ಮೈ ಉಜ್ಜಿ ಹೊರಬಂದವು. ಕಲಿಕೆ ಹೇಗೆ ಅಚ್ಚೊತ್ತುತ್ತದೆ ಎಂಬುದಕ್ಕೆ ಇದನ್ನು ಸಾಕ್ಷಿ ಎಂದು ಮಂಡಿಸಲಾಯಿತು. 1979ರಲ್ಲಿ ಮೂರ್ ಮತ್ತು ಸ್ಟಟರ್ಡ್ ಪೆಟ್ಟಿಗೆಯ ಎದುರು ಮನುಷ್ಯರಿದ್ದರೆ ಬೆಕ್ಕುಗಳು ಬಾಗಿಲು ತೆರೆಯದಿದ್ದರೂ ಹಾಗೆಯೇ ಉಜ್ಜುತ್ತವೆ, ಮನುಷ್ಯರಿಲ್ಲದಿದ್ದರೆ ಉಜ್ಜುವುದಿಲ್ಲ ಎಂದು ಕಂಡುಕೊಂಡರು. ಅವು ನೋಡುತ್ತ ಕುಳಿತವರಿಗೆ ನಮಸ್ಕಾರ ಹೇಳುತ್ತಿದ್ದವು! ಮೂವತ್ತಮೂರು ವರ್ಷ ಅದು ಕಲಿಕೆಯ ಸಾಕ್ಷಿಯಾಗಿ ಓಡಾಡಿತ್ತು.

ಆದ್ದರಿಂದ ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ತಿನಿಸಿನ ಚೀಲ ಸೊಂಟದಲ್ಲಿತ್ತೇ, ಮನೆಯವರು ನೋಡುತ್ತಿದ್ದರೇ ಎಂದು ಬರೆಯಿರಿ.

ಹಳೆಯ ಪುಸ್ತಕಗಳಲ್ಲಿ ಓದಿದ್ದನ್ನು ಉಲ್ಲೇಖಿಸಬಹುದೇ?

ಮೂಲ ಓದಿದ್ದರೆ ಮಾತ್ರ. ‘ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ’ ಎನ್ನುತ್ತಾರಲ್ಲ, ಉಲ್ಲೇಖಗಳಲ್ಲೂ ಹಾಗೆಯೇ: ಪರಿಶೀಲಿಸುವ ಕೆಲಸವನ್ನು ಒಬ್ಬರು ಇನ್ನೊಬ್ಬರಿಗೆ ಬಿಡುತ್ತ ಹೋಗುತ್ತಾರೆ. ‘ನಾಯಿಗಳ ಕಂಡೀಷನಿಂಗ್ (ಗಂಟೆಯಂಥ ಸಂಜ್ಞೆಗೇ ಜೊಲ್ಲು ಸುರಿಸುವಂತೆ ಕಲಿಸುವ) ಪ್ರಯೋಗಕ್ಕಾಗಿ ಪಾವ್ಲೋವ್ ನೊಬೆಲ್ ಪಡೆದರು’ ಎಂಬ ವಾಕ್ಯವನ್ನು ಎಷ್ಟು ಬಾರಿ ಹೊಡೆದುಹಾಕಿದ್ದೇನೋ. 1904ರ ಆ ಪ್ರಶಸ್ತಿ ಜೀರ್ಣಕ್ರಿಯೆಯ ಸಂಶೋಧನೆಗೆ ಬಂದದ್ದು.

ಶಾಕ್ ಕಾಲರ್‌ನಂಥ ಸಾಧನಗಳ ಬಗ್ಗೆ ಬರೆಯಬಹುದೇ?

ಬರೆಯಬಹುದು, ಪತ್ರಿಕೆಯ ನಿಲುವು ತಿಳಿದುಕೊಂಡು. ಪ್ರಾಣಿವರ್ತನೆಯ ಅಮೆರಿಕನ್ ಪಶುವೈದ್ಯಕೀಯ ಸೊಸೈಟಿ 2021ರ ತನ್ನ ಹೇಳಿಕೆಯಲ್ಲಿ ನಾಯಿಗಳ ಎಲ್ಲ ತರಬೇತಿಗೂ, ವರ್ತನಾ ಸಮಸ್ಯೆಗಳ ಚಿಕಿತ್ಸೆಗೂ ಪ್ರತಿಫಲ ಆಧಾರಿತ ವಿಧಾನಗಳನ್ನೇ ಶಿಫಾರಸು ಮಾಡಿತು. 2020ರಲ್ಲಿ ‘ಪ್ಲಾಸ್ ಒನ್’ ಎಂಬ ಸಂಶೋಧನಾ ಜರ್ನಲ್‌ನಲ್ಲಿ ಪ್ರಕಟವಾದ 92 ನಾಯಿಗಳ ಅಧ್ಯಯನದಲ್ಲಿ, ಕಠಿಣ ವಿಧಾನಗಳನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು ಪಾಠದ ವೇಳೆ ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ ಹೆಚ್ಚು ಏರಿತ್ತು. ಬೇರೆ ನಿಲುವು ನಿಮ್ಮದಾದರೆ ಈ ಸಾಕ್ಷ್ಯಕ್ಕೆ ಎದುರಾಗಿ ಬರೆಯಿರಿ, ಪಕ್ಕದಿಂದ ನುಸುಳಿ ಹೋಗಬೇಡಿ. ಹಿಂದೆ ನೀವೇ ಬಳಸುತ್ತಿದ್ದು ಈಗ ಬಿಟ್ಟಿದ್ದರೆ, ಬಿಟ್ಟದ್ದು ಹೇಗೆ ಎಂಬ ಬರಹಕ್ಕೆ ಓದುಗರು ಬಹಳ. ಅದರಲ್ಲಿ ಇನ್ನೂ ಬಳಸುತ್ತಿರುವವರನ್ನು ಹೀಯಾಳಿಸಿದರೆ ಮಾತ್ರ ಅವರು ಎರಡನೆಯ ಪುಟಕ್ಕೆ ಬರುವುದಿಲ್ಲ.

ಔಷಧಗಳ ಬಗ್ಗೆ?

ಪಶುವೈದ್ಯರಲ್ಲದವರು ಔಷಧದ ಪ್ರಮಾಣ ಬರೆಯಬಾರದು. ‘ಪಶುವೈದ್ಯರು ಆತಂಕ ತಗ್ಗಿಸುವ ಔಷಧ ಆರಂಭಿಸಿದರು, ಇಂತಿಷ್ಟು ವಾರದ ನಂತರ ತರಬೇತಿ ಶುರುವಾಯಿತು’ ಎಂದರೆ ಸಾಕು. ವಿವರ ಬೇಕಾದರೆ ಆ ಪಶುವೈದ್ಯರನ್ನೇ ಸಹಲೇಖಕರಾಗಲು ಕೇಳಿ.

ಸಹಲೇಖಕರು ಎಂದು ಯಾರ ಹೆಸರು ಹಾಕಬೇಕು?

ಕೆಲಸದಲ್ಲಿ ಗಣನೀಯ ಪಾಲು ವಹಿಸಿ, ಅಂತಿಮ ಕರಡನ್ನು ಓದಿ ಒಪ್ಪಿ, ಪ್ರಶ್ನೆ ಬಂದರೆ ಉತ್ತರ ಕೊಡಬಲ್ಲವರ ಹೆಸರು. ಕೋಣೆ ಕೊಟ್ಟವರಿಗೆ, ವಿಡಿಯೊ ಹಿಡಿದವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿದರೆ ಸಾಕು. ಚಾಟ್‌ಬಾಟ್‌ಗಳು ಉತ್ತರದಾಯಿಗಳಾಗಲಾರವು, ಹಾಗಾಗಿ ಅವು ಲೇಖಕರಲ್ಲ. ಬಳಸಿದ್ದರೆ ಎಲ್ಲಿ ಹೇಗೆ ಎಂದು ತಿಳಿಸಿ. ಅವು ಹೇಳುವ ಉಲ್ಲೇಖಗಳನ್ನು ಒಂದೊಂದಾಗಿ ಹುಡುಕಿ ನೋಡಿ, ಕೆಲವು ಹುಟ್ಟಿಯೇ ಇರುವುದಿಲ್ಲ.

ಪ್ರಾಣಿಗಳು? 1975ರಲ್ಲಿ ಜಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ತಾನೊಬ್ಬನೇ ಬರೆದ ಪ್ರಬಂಧದಲ್ಲಿ ಉದ್ದಕ್ಕೂ ‘ನಾವು’ ಎಂದು ಬಳಸಿಬಿಟ್ಟಿದ್ದರು. ಟೈಪ್‌ರೈಟರ್ ಕಾಲ, ಮತ್ತೆ ಹೊಡೆಯುವುದು ಬೇಸರ. ತಮ್ಮ ಬೆಕ್ಕನ್ನೇ ‘ಎಫ್. ಡಿ. ಸಿ. ವಿಲ್ಲರ್ಡ್’ ಎಂಬ ಹೆಸರಿನಲ್ಲಿ ಸಹಲೇಖಕನಾಗಿಸಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ಗೆ ಕಳುಹಿಸಿದರು, ಅಚ್ಚಾಯಿತು. ಈಗ ನಡೆಯುವುದಿಲ್ಲ.

ಗ್ರಾಹಕರ ಮನೆಯ ಸಂಗತಿ ಬರೆಯಲು ಅನುಮತಿ ಬೇಕೇ?

ಬೇಕು, ಲಿಖಿತವಾಗಿ, ತರಬೇತಿ ಶುರುವಾಗುವ ಮೊದಲೇ ಆದರೆ ಲೇಸು. ಹೆಸರು ಬದಲಾಯಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಅಪರೂಪದ ತಳಿ, ಮೂರು ಕಾಲಿನ ನಾಯಿ, ಅವಳಿ ಮಕ್ಕಳಿರುವ ಮನೆ ಎಂದು ಬರೆದರೆ ನೆರೆಹೊರೆಯವರಿಗೆ ಹೆಸರು ಬೇಕಾಗಿಲ್ಲ. ಕಚ್ಚಿದ ಪ್ರಕರಣವಾದರೆ ಕಾನೂನಿನ ತೊಡಕೂ ಇರಬಹುದು.

ಯಾವ ಫೋಟೊ ಕಳುಹಿಸಬೇಕು?

ಲೇಖನ ಹೇಳುವುದನ್ನೇ ಹೇಳುವ ಫೋಟೊ. ಒಮ್ಮೆ ಮಗುವೊಂದು ನಾಯಿಯ ಕೊರಳು ತಬ್ಬಿದ ಚೆಂದದ ಚಿತ್ರವನ್ನು ‘ಗೆಳೆಯರು’ ಎಂಬ ಅಡಿಬರಹದೊಡನೆ ಅಚ್ಚಿಗೆ ಕಳುಹಿಸಿದ್ದೆ. ಸಂಚಿಕೆ ಹೊರಬಂದ ವಾರವೇ ಓದುಗರ ಪತ್ರಗಳು ಬಂದವು: ನಾಯಿಯ ಬಾಯಿ ಬಿಗಿದಿದೆ, ಕಿವಿ ಹಿಂದಕ್ಕೆ ಅಂಟಿದೆ, ತಲೆ ಆಚೆ ತಿರುಗಿದ್ದರೂ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿದೆ, ನಿಮಗೆ ಕಾಣಲಿಲ್ಲವೇ? ಅದೇ ಸಂಚಿಕೆಯಲ್ಲಿ ನಾಯಿಗಳ ದೇಹಭಾಷೆಯ ಮೇಲೆ ಲೇಖನವೂ ಇತ್ತು. ಅಂದಿನಿಂದ ಚಿತ್ರಗಳನ್ನು ಮಗುವಿನ ಮುಖ ಕೈಯಲ್ಲಿ ಮುಚ್ಚಿಕೊಂಡು ನೋಡುತ್ತೇನೆ.

ಒಂದೇ ಲೇಖನವನ್ನು ಎರಡು ಕಡೆ ಕಳುಹಿಸಬಹುದೇ?

ಜರ್ನಲ್‌ಗಳಿಗೆ ಖಂಡಿತ ಇಲ್ಲ. ಜನಪ್ರಿಯ ಪತ್ರಿಕೆಗಳಿಗೆ, ಮೊದಲೇ ತಿಳಿಸಿದರೆ ಕೆಲವರು ಒಪ್ಪುತ್ತಾರೆ.

ಪ್ರಕಟಣೆಗೆ ನಾನೇ ಹಣ ಕೊಡಬೇಕಂತೆ, ಮೋಸವೇ?

ಹಣ ಕೇಳಿದ ಮಾತ್ರಕ್ಕೆ ಅಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಒಳ್ಳೆಯ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುವುದುಂಟು. ಆದರೆ ಯಾವುದಾದರೂ ಜರ್ನಲ್ ತಾನಾಗಿಯೇ ನಿಮ್ಮನ್ನು ಹೊಗಳಿ ಪತ್ರ ಬರೆದು, ವಾರದೊಳಗೆ ತಜ್ಞರ ವಿಮರ್ಶೆ ಮುಗಿಸುತ್ತೇವೆ ಎಂದರೆ ದೂರವಿರಿ. ಸಂಪಾದಕ ಮಂಡಳಿಯ ಒಬ್ಬಿಬ್ಬರಿಗೆ ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿಲ್ಲದಿರಬಹುದು.

ವಿಮರ್ಶಕರು ಲೇಖನವನ್ನು ಚಿಂದಿ ಮಾಡಿದ್ದಾರೆ. ಏನು ಮಾಡಲಿ?

ಎರಡು ದಿನ ಮುಟ್ಟಬೇಡಿ. ಆಮೇಲೆ ಪ್ರತಿ ಆಕ್ಷೇಪವನ್ನೂ ಒಂದೊಂದು ಸಾಲಾಗಿ ಬರೆದು, ಎದುರಿಗೆ ನೀವು ತಿದ್ದಿದ್ದನ್ನೋ ತಿದ್ದದಿರಲು ಕಾರಣವನ್ನೋ ಬರೆಯಿರಿ. ‘ವಿಮರ್ಶಕರಿಗೆ ಅರ್ಥವಾಗಿಲ್ಲ’ ಎನಿಸಿದ ಕಡೆ ನಿಮ್ಮ ವಾಕ್ಯವೇ ಮಬ್ಬಾಗಿರುವ ಸಾಧ್ಯತೆ ಹೆಚ್ಚು. ತರಬೇತುದಾರರಿಗೆ ಇದು ಹೊಸದಲ್ಲ. ನಾಯಿಗೆ ಅರ್ಥವಾಗದಿದ್ದರೆ ನಾವು ನಮ್ಮ ಸಂಜ್ಞೆಯನ್ನೇ ಬದಲಾಯಿಸುತ್ತೇವೆ.

ಪ್ರಕಟವಾದ ಮೇಲೆ ನಾನು ಬರೆದದ್ದು ತಪ್ಪೆಂದು ತಿಳಿದರೆ?

ಹೇಳಿಬಿಡಿ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಕೂಡಿಹಾಕಿದ ತೋಳಗಳ ನಡುವಿನ ಮೇಲುಗೈ ಕಾದಾಟವನ್ನು ವರ್ಣಿಸಿದ್ದರು. ತೋಳಗಳ ಸಂಶೋಧಕ ಡೇವಿಡ್ ಮೆಚ್ 1970ರ ತಮ್ಮ ಪುಸ್ತಕದಲ್ಲಿ ‘ಆಲ್ಫಾ’, ಅಂದರೆ ಕಾದಾಡಿ ಹಿಂಡಿನ ಮುಖಂಡನಾದ ತೋಳದ ಆ ಕಲ್ಪನೆಯನ್ನು ಹರಡಿದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, ಹಿಂಡೆಂದರೆ ಬಹುತೇಕ ಅಪ್ಪ, ಅಮ್ಮ, ಮಕ್ಕಳಿರುವ ಕುಟುಂಬ, ಅಲ್ಲಿ ಗದ್ದುಗೆಗಾಗಿ ಹೋರಾಟವಿಲ್ಲ ಎಂದು 1999ರಲ್ಲಿ ಅವರೇ ಬರೆದರು. ಹಳೆಯ ಪುಸ್ತಕದ ಮುದ್ರಣ ನಿಲ್ಲಿಸುವಂತೆ ಪ್ರಕಾಶಕರನ್ನು ಮತ್ತೆ ಮತ್ತೆ ಕೇಳಿಕೊಂಡರು. ಅಷ್ಟರಲ್ಲಿ ‘ನಾಯಿಗೆ ನೀವೇ ಆಲ್ಫಾ ಆಗಬೇಕು’ ಎಂಬ ಉಪದೇಶ ಮನೆಮನೆಗೆ ತಲುಪಿಯಾಗಿತ್ತು.

ನಿಮ್ಮ ತಪ್ಪು ಅಷ್ಟು ದೂರ ಹೋಗಿರಲಾರದು. ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ: ಯಾವ ಸಂಚಿಕೆ, ಯಾವ ಪುಟ, ಅಚ್ಚಾದದ್ದೇನು, ಇರಬೇಕಾದದ್ದೇನು. ಕ್ಷಮೆ ಕೇಳುವ ಪ್ಯಾರಾ ಬೇಡ, ಅದನ್ನು ಹೇಗೂ ಹೊಡೆದುಹಾಕುತ್ತೇವೆ.